ಕುದಿಸಿದ ಅನಾನಸು

ನನ್ನ ಕೈಗುಣ ಕೆಟ್ಟದ್ದು. ಇದು ನನ್ನ ಮಾತಲ್ಲ. ಡೊಂಬಿವಲಿ ಪೂರ್ವದಲ್ಲಿ ನಮ್ಮ ಮನೆಯ ಅಡುಗೆ ಉಂಡವರಲ್ಲಿ ಅರ್ಧ ಜನ ಹೇಳುತ್ತಿದ್ದ ಮಾತು. ಪದ್ಮಾವತಿ ಮುಟ್ಟಿದರೆ ಹಾಲು ಕಹಿ, ಮೊಸರು ನೀರು. ಮೊದಲ ಸಲ ಕೇಳಿದಾಗ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಬರಬರುತ್ತಾ ಬುದ್ಧಿ ಬಂತು. ಈ ಕೆಟ್ಟ ಹೆಸರು ಇಲ್ಲದಿದ್ದರೆ ನಾನು ಕೆಲಸಕ್ಕೆಂದು ಕಳಂಬೋಲಿಯ ಬಸ್ಸು ಹತ್ತುತ್ತಲೇ ಇರಲಿಲ್ಲ. ನಸುಕಿನಲ್ಲಿ ಎದ್ದು ಹೋಳಿಗೆಯ ಕಣಕ ನಾದುತ್ತಲೇ ಮುದುಕಿಯಾಗುತ್ತಿದ್ದೆ. ಇದು ಹೊಳೆದ ಮೇಲೆ ಆ ಹೆಸರನ್ನು ಯಾರೂ ಕದಿಯದ ಹಾಗೆ ಕಾಪಾಡಿಕೊಂಡು ಬಂದೆ. ಕಡೆಗೆ ಅದನ್ನು ಕಿತ್ತುಕೊಂಡವಳು ಆ ಮನೆಯಲ್ಲಿ ನನ್ನ ಮೇಲೆ ಪ್ರೀತಿಯಿದ್ದ ಒಬ್ಬಳೇ ಹುಡುಗಿ.

ನಮ್ಮ ಮಾವ ಗುಣಪಾಲ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಅತ್ತೆ ರತ್ನಾವತಿ ಮನೆಯಿಂದಲೇ ಆರ್ಡರ್ ಹಿಡಿದು ಈ ಕಡೆಯ ನಮ್ಮ ಜನರ ಸೀಮಂತ, ನಾಮಕರಣ, ಪೂಜೆಗಳಿಗೆ ಊಟ ಕಳಿಸುತ್ತಾರೆ. ಮದುವೆಯಾಗಿ ಕಾರ್ಕಳದಿಂದ ಬಂದ ಮಾರನೆಯ ದಿನದಿಂದಲೇ ನಾನು ಅವರ ಬಲಗೈ ಆದೆ. ಬಲಗೈಗೆ ಯಾರೂ ಸಂಬಳ ಕೊಡುವುದಿಲ್ಲ, ಸುಸ್ತಾಯಿತೇ ಎಂದೂ ಕೇಳುವುದಿಲ್ಲ. ನನಗೆ ಅಡುಗೆ ಇಷ್ಟವೇ ಎಂಬ ಪ್ರಶ್ನೆಯನ್ನು ನನ್ನ ಗಂಡ ಜಯಶೀಲ ಕೂಡ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಆ ದೊಡ್ಡ ಬಾಣಲೆ, ಆ ಹಬೆ, ಕತ್ತಿನಲ್ಲಿ ಹರಿಯುವ ಬೆವರು, ಒಂದೂ ಇಷ್ಟವಿಲ್ಲ.

ಜಯಶೀಲ ಕಾಮಾಲೆಯಾಗಿ ತೀರಿಕೊಂಡರು. ಹದಿಮೂರನೆಯ ದಿನ ಮುಗಿಯುತ್ತಲೇ ಅತ್ತೆ ನಿಯಮ ಬದಲಿಸಿದರು. ಶುಭಕಾರ್ಯದ ಅಡುಗೆ ಮಾಡುವ ಒಲೆಯ ಹತ್ತಿರ ವಿಧವೆ ನಿಲ್ಲಬಾರದು. ಹಾಗೆಂದು ಸುಮ್ಮನೆ ಕೂರುವಂತೆಯೂ ಇಲ್ಲ. ಬೆಂಕಿ ಬೇಡದ ಕೆಲಸವೆಲ್ಲ ನನಗೆ ಬಂತು: ಹಣ್ಣು ಹೆಚ್ಚುವುದು, ಕೋಸಂಬರಿ ಕಲಸುವುದು, ಫ್ರೂಟ್ ಸಲಾಡ್ ಮಾಡುವುದು. ಒಲೆಗೆ ತಾಗಬಾರದ ಕೈ ಕೋಸಂಬರಿಗೆ ತಾಗಬಹುದು ಎಂದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಕೆಲಸಕ್ಕೆ ಜನ ಬೇಕಿತ್ತು, ಬೇಕಾದಷ್ಟು ಶಾಸ್ತ್ರ ಬಗ್ಗಿತು.

ಆ ವರ್ಷವೇ ಮಾನಪಾಡಾ ರಸ್ತೆಯ ಸಭಾಂಗಣದಲ್ಲಿ ಒಂದು ಸೀಮಂತ. ಫ್ರೂಟ್ ಸಲಾಡಿಗೆ ನಾವು ಯಾವಾಗಲೂ ಡಬ್ಬಿಯ ಅನಾನಸು ಹಾಕುತ್ತಿದ್ದೆವು. ಅಂದು ಮಾವ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹೊನ್ನಿನ ಬಣ್ಣದ ತಾಜಾ ಹಣ್ಣು ಕಂಡು, ಡಬ್ಬಿಯದ್ದು ಯಾಕೆ ಎಂದು ಬುಟ್ಟಿಗಟ್ಟಲೆ ಹೊತ್ತು ತಂದರು. ನಾನು ಹೆಚ್ಚಿ, ಅತ್ತೆ ಕಾಯಿಸಿ ಆರಿಸಿಟ್ಟಿದ್ದ ಗಟ್ಟಿಹಾಲಿನ ಕಸ್ಟರ್ಡಿಗೆ ಬೆರೆಸಿ ಮುಚ್ಚಿಟ್ಟೆ. ಊಟದ ಹೊತ್ತಿಗೆ ಅದು ನೀರುನೀರಾಗಿ ಒಡೆದಿತ್ತು. ಬಾಯಿಗಿಟ್ಟವರೆಲ್ಲ ಮುಖ ಕಿವುಚಿದರು. ಹಾಗಲಕಾಯಿಯ ರಸ ಬೆರೆತಷ್ಟು ಕಹಿ. ಬಸುರಿ ಹೆಂಗಸು ಕರವಸ್ತ್ರಕ್ಕೆ ಉಗಿದಳು, ಅವಳ ತಾಯಿ ಅತ್ತೆಯನ್ನು ಮೂಲೆಗೆ ಕರೆದು ಯಾರು ಮಾಡಿದ್ದು ಎಂದು ಕೇಳಿದರು. ಅತ್ತೆ ನನ್ನತ್ತ ನೋಡಿದರು.

ಎರಡನೆಯ ಸಲ ನಾನು ಕಲಸಿದ ಅನಾನಸಿನ ಶ್ರೀಖಂಡ. ಅದೂ ಕಹಿ. ಅದೇ ಬುಟ್ಟಿಯ ಹಣ್ಣಿನಲ್ಲಿ ಅತ್ತೆ ಶಿರಾ ಮಾಡಿದ್ದರು, ಮೆಣಸ್ಕಾಯಿ ಎಂಬ ಗೊಜ್ಜು ಮಾಡಿದ್ದರು. ಅವೆರಡೂ ಬೆರಳು ಚೀಪುವ ಹಾಗಿದ್ದವು. ಇನ್ನೇನು ಸಾಕ್ಷಿ ಬೇಕು. ಅತ್ತೆ ಮುಟ್ಟಿದ ಅನಾನಸು ಅಮೃತ, ಪದ್ಮಾವತಿ ಮುಟ್ಟಿದ್ದು ವಿಷ. ಗಂಡನನ್ನು ತಿಂದುಕೊಂಡವಳ ಕೈ ಎಂದು ಬಂಧುಗಳಲ್ಲಿ ಯಾರೋ ಅಂದರು. ಯಾರೆಂದು ನನಗೆ ಗೊತ್ತು, ಹೇಳುವುದಿಲ್ಲ. ಅಂದಿನಿಂದ ಅಡುಗೆಮನೆಯ ಹೊಸ್ತಿಲು ನನಗೆ ಮುಗಿಯಿತು. ನನ್ನ ಪಾಲಿನ ಚಹಾ ಕೂಡ ಅತ್ತೆಯೇ ಮಾಡಿ ಹೊರಗೆ ತಂದಿಡುತ್ತಿದ್ದರು.

ಮನೆಯಲ್ಲಿ ಕೆಲಸವಿಲ್ಲದ ವಿಧವೆ ಎಲ್ಲರ ಕಣ್ಣಿಗೂ ಅಡ್ಡ ಬರುತ್ತಾಳೆ. ಮಾವನ ಹಳೆಯ ಗಿರಾಕಿ ವಸಂತಕುಮಾರ್ ಅವರದ್ದು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿ ತೂಗುವ ಕಾಟಾ ಇತ್ತು. ಅಲ್ಲಿ ಕಂಪ್ಯೂಟರಿನ ಮುಂದೆ ಕೂರಲು ಜನ ಬೇಕಾಗಿತ್ತು. ಹೋಗಲಿ, ಕಬ್ಬಿಣ ಕಹಿಯಾಗುವುದಿಲ್ಲವಲ್ಲ ಎಂದು ಮಾವ ತಮಾಷೆ ಮಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗೆಯ ಜೊತೆಗೇ ನನ್ನ ಬಾಗಿಲು ತೆರೆಯಿತು.

ಕಾಟಾದ ಕ್ಯಾಬಿನ್ನಿಗೆ ಮೂರು ಕಡೆ ಗಾಜು, ತಲೆಯ ಮೇಲೆ ಒಂದು ಫ್ಯಾನು. ಲಾರಿ ಬಂದು ತಟ್ಟೆಯ ಮೇಲೆ ನಿಲ್ಲುತ್ತದೆ, ನಾನು ಗುಂಡಿ ಒತ್ತುತ್ತೇನೆ, ತೂಕದ ಚೀಟಿ ಬರುತ್ತದೆ. ಹೊರಗೆ ಧೂಳು, ಸರಳುಗಳು ಬೀಳುವ ಸದ್ದು, ಕ್ಲೀನರುಗಳ ಬೈಗುಳ. ನನಗೆ ಅದೆಲ್ಲ ಹಿತವಾಗಿತ್ತು. ಅಲ್ಲಿ ನಾನು ಯಾರ ಸೊಸೆ, ಯಾರ ವಿಧವೆ ಎಂದು ಯಾರಿಗೂ ಬೇಕಿರಲಿಲ್ಲ. ಡ್ರೈವರುಗಳು ಮೇಡಂ ಎನ್ನುತ್ತಿದ್ದರು. ಲೋಡಿಂಗ್ ಕೆಲಸದ ಕಲಬುರಗಿಯ ಮಹಾದೇವಪ್ಪ ಮಾತ್ರ ಅಕ್ಕಾರ ಎಂದು ಕರೆದು, ಬಿಡುವಿನಲ್ಲಿ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕುಳಿತು ಊರಿನ ಸುದ್ದಿ ಹೇಳುತ್ತಿದ್ದ.

ಒಂದು ದಿನ ಗುಜರಿ ಲಾರಿಯಲ್ಲಿ ಒಂದು ದೊಡ್ಡ ಲೇತ್ ಮಶೀನು ಬಂತು. ಬಿಚ್ಚಿ ಬಿಚ್ಚಿ ಗುಡ್ಡೆ ಹಾಕಿದ್ದರು. ಮಹಾದೇವಪ್ಪ ಅದನ್ನೇ ನೋಡುತ್ತಾ ಹೇಳಿದ:

"ನೋಡ್ರಿ ಅಕ್ಕಾರ, ನಿನ್ನಿ ತನಕ ಇದು ಕೆಲಸ ಮಾಡತಿತ್ತು. ಇವತ್ತ ಗುಜರಿ. ತೂಕ ಮಾತ್ರ ಒಂದ ಕಿಲೋನೂ ಕಮ್ಮಿ ಆಗಿಲ್ಲ."

"ಮತ್ತೆ ಹೋದದ್ದು ಎಂತ ಹಾಗಾದರೆ?"

"ಜೋಡಿಸಿದ್ದ ಹೋತಲ್ರಿ. ಕಬ್ಬಿಣ ಅಷ್ಟ ಉಳೀತು."

ಆಗ ನಾನು ಸುಮ್ಮನೆ ಚೀಟಿ ಹರಿದು ಕೊಟ್ಟೆ. ಆ ಮಾತು ಮುಂದೆ ನನ್ನದೇ ಆಗುತ್ತದೆ ಎಂದು ಗೊತ್ತಿರಲಿಲ್ಲ.

ಮೈದುನ ಸಮಿತ್‌ಗೆ ಮದುವೆಯಾಗಿ ಪ್ರಣೀತಾ ಮನೆಗೆ ಬಂದಳು. ಠಾಣೆಯಲ್ಲೇ ಹುಟ್ಟಿ ಬೆಳೆದವಳು, ಖಾರಘರದ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಕಲಿಸುತ್ತಾಳೆ. ಅವಳಿಗೆ ತುಳು ಬಾರದ ಕಾರಣ ಮನೆಯಲ್ಲಿ ಕನ್ನಡ ಶುರುವಾಯಿತು. ನನ್ನನ್ನು ಅಕ್ಕ ಎಂದಳು, ಬರೀ ಬಾಯಿಮಾತಿಗಲ್ಲ. ಕಳಂಬೋಲಿಯ ಧೂಳಿಗೆ ನನಗೆ ಕೆಮ್ಮು ಬಂದರೆ ಕಷಾಯ ಮಾಡಿ ತಂದುಕೊಡುತ್ತಿದ್ದಳು. ಈ ಮನೆಯಲ್ಲಿ ಇಷ್ಟು ವರ್ಷಗಳಲ್ಲಿ ನನಗೆ ಯಾರಾದರೂ ಪ್ರೀತಿಯಿಂದ ಏನಾದರೂ ತಂದುಕೊಟ್ಟದ್ದು ಅದೇ ಮೊದಲು.

ಆ ಮಳೆಗಾಲದಲ್ಲಿ ಅತ್ತೆಯ ಮೊಣಕಾಲು ಪೂರ್ತಿ ಕೈಕೊಟ್ಟಿತು. ಅಡುಗೆಗೆ ಇದ್ದ ಹೆಂಗಸು ಬೇರೆ ಕಡೆ ಹೆಚ್ಚು ಸಿಗುತ್ತದೆಂದು ಹೊರಟುಹೋದಳು. ಆರ್ಡರುಗಳು ಬರುತ್ತಲೇ ಇದ್ದವು. ಬೆಳಗಿನ ಹೊತ್ತು ಸ್ವಲ್ಪ ನಿಂತು ಹೋಗು ಮಗಾ ಎಂದು ಅತ್ತೆ ಪ್ರಣೀತಾಳನ್ನು ಕರೆಯತೊಡಗಿದರು. ಸ್ವಲ್ಪ ಎಂಬುದು ಏನೆಂದು ನನಗೆ ಗೊತ್ತಿತ್ತು. ನಾನು ಅದರಲ್ಲೇ ಮುಳುಗಿ ಎದ್ದವಳು. ಅವಳು ತಡವಾಗಿ ಕಾಲೇಜಿಗೆ ಹೋಗಿ ಬೈಸಿಕೊಂಡು ಬರುತ್ತಿದ್ದಳು. ಮರುಕವಾಗುತ್ತಿತ್ತು. ನಾನೇ ಮಾಡುತ್ತೇನೆ ಎನ್ನುವಷ್ಟು ಮರುಕವಲ್ಲ.

ಒಂದು ಸಂಜೆ ಅವಳು ಒಲೆಯ ಮುಂದೆ ಪರೀಕ್ಷೆಯ ಪೇಪರು ತಿದ್ದುತ್ತಾ, ಹಾಲು ಉಕ್ಕುತ್ತಿದೆ, ಸ್ವಲ್ಪ ಇಳಿಸಿ ಅಕ್ಕ ಎಂದಳು. ನಾನು ಹೊಸ್ತಿಲಲ್ಲೇ ನಿಂತೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಯಾಕೆ ಎಂದು ಕೇಳಿದಳು. ಹೇಳಿದೆ. ಅನಾನಸಿನ ಕಥೆಯನ್ನೂ ಹೇಳಿದೆ. ಅವಳ ಮುಖ ಸಿಟ್ಟಿನಿಂದ ಕೆಂಪಾಯಿತು.

"ಅಕ್ಕ, ಇದು ನಾನು ಫಸ್ಟ್ ಇಯರ್ ಮಕ್ಕಳಿಗೆ ಕಲಿಸೋದು. ಇದಕ್ಕೆ ನಿಮ್ಮನ್ನ ಇಷ್ಟು ವರ್ಷ ಹೊರಗಿಟ್ಟಿದ್ದಾರಾ?"

"ಇರಲಿ ಬಿಡು ಮಾರಾಯ್ತಿ. ನನಗೇನೂ ತೊಂದರೆ ಇಲ್ಲ."

"ತೊಂದರೆ ಇಲ್ಲ ಅಂದ್ರೆ ಹೇಗೆ? ತಾಜಾ ಅನಾನಸಲ್ಲಿ ಒಂದು ಎಂಜೈಮ್ ಇರುತ್ತೆ. ಅದೇ ಹಾಲನ್ನ ಕಹಿ ಮಾಡೋದು. ನೀವಲ್ಲ."

ನಾನು ಪಿಯುಸಿ ತನಕ ಓದಿದವಳು. ನಮ್ಮ ಪುಸ್ತಕದಲ್ಲಿ ಕಿಣ್ವ ಎಂದಿತ್ತು. ಪರೀಕ್ಷೆಗೆ ಬರೆದು ಮರೆತಿದ್ದೆ. ಅವಳು ಬಿಡಲಿಲ್ಲ. ಪೇಪರುಗಳನ್ನು ಬದಿಗಿಟ್ಟು, ನನ್ನ ಕುತ್ತಿಗೆಯ ಮಣಿಸರವನ್ನೇ ತೆಗೆಸಿ ಅಂಗೈಯಲ್ಲಿ ಮುದ್ದೆ ಮಾಡಿ ತೋರಿಸಿದಳು.

"ಈ ಎಂಜೈಮ್ ಮಣಿಸರದ ಹಾಗೆ ಉದ್ದ ಇರುತ್ತೆ. ಸುಮ್ನೆ ಉದ್ದಕ್ಕಿದ್ರೆ ಏನೂ ಮಾಡಲ್ಲ. ಮಡಚಿಕೊಂಡು ಒಂದೇ ಒಂದು ಶೇಪಿಗೆ ಬರಬೇಕು. ಆಗ ಇಲ್ಲಿ ಒಂದು ಸಂದು ಆಗುತ್ತೆ, ನೋಡಿ. ಹಾಲಿನ ಪ್ರೋಟೀನ್ ಈ ಸಂದಿಗೆ ಬಂದು ಕೂತರೆ ಕಟ್. ಆ ತುಂಡುಗಳೇ ಕಹಿ."

"ಅತ್ತೆ ಮಾಡಿದ ಶಿರಾ ಕಹಿಯಾಗಲಿಲ್ಲವಲ್ಲ?"

"ಶಿರಾಕ್ಕೆ ಅನಾನಸು ಬೇಯಿಸ್ತಾರೆ. ಬಿಸಿಗೆ ಈ ಮಡಿಕೆ ಬಿಚ್ಚಿ ಹೋಗುತ್ತೆ." ಅವಳು ಮುಷ್ಟಿ ಬಿಟ್ಟಳು, ಸರ ಜಾರಿ ಮೇಜಿನ ಮೇಲೆ ಬಿತ್ತು. "ಒಂದು ಮಣಿಯೂ ಕಮ್ಮಿ ಆಗಿಲ್ಲ. ಆದ್ರೆ ಸಂದು ಇಲ್ಲ. ಕೆಲಸ ಖತಂ. ಡಬ್ಬಿಯದ್ದೂ ಹಾಗೇ, ಅದನ್ನ ಕುದಿಸಿಯೇ ತುಂಬಿರ್ತಾರೆ."

ಮಹಾದೇವಪ್ಪನ ಲೇತ್ ಮಶೀನು ನೆನಪಾಯಿತು. ಕಬ್ಬಿಣ ಉಳಿದಿತ್ತು, ಜೋಡಣೆ ಹೋಗಿತ್ತು. ನನಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಒಲೆಯ ಹತ್ತಿರ ಬರಬೇಡ ಎಂದು ನನ್ನನ್ನು ದೂರ ಇಟ್ಟದ್ದರಿಂದಲೇ ನನ್ನ ಕೈಯ ಅನಾನಸಿಗೆ ಬೆಂಕಿ ಸೋಕಲಿಲ್ಲ. ಬೆಂಕಿ ಸೋಕದ್ದರಿಂದ ಹಾಲು ಕಹಿಯಾಯಿತು. ಅವರೇ ನನ್ನ ಕೈಯನ್ನು ಕೆಡಿಸಿ, ಕೆಟ್ಟಿದೆ ಎಂದು ಅವರೇ ಹೊರಗಟ್ಟಿದರು. ಸಿಟ್ಟು ಬಂತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಅದು ಸಿಟ್ಟನ್ನೂ ತಣ್ಣಗೆ ಮಾಡಿತು. ಇದು ಅತ್ತೆಗೆ ಗೊತ್ತಾದರೆ ನನ್ನ ಕಾಟಾ ಹೋಯಿತು.

"ಪ್ರಣೀತಾ, ಇದನ್ನು ಯಾರಿಗೂ ಹೇಳಬೇಡ."

"ಯಾಕೆ? ಅತ್ತೆ ಬೇಜಾರು ಮಾಡ್ತಾರಂತಾ? ಮಾಡಲಿ. ನಾನು ಬರೀ ಹೇಳಲ್ಲ, ಮಾಡಿ ತೋರಿಸ್ತೀನಿ."

ನನಗೆ ಅಡುಗೆ ಬೇಡ, ನನಗೆ ಆ ಗಾಜಿನ ಕ್ಯಾಬಿನ್ನು ಬೇಕು ಎಂದು ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಮ್ಮ ಮನೆಗಳಲ್ಲಿ ಹೆಂಗಸಿಗೆ ಅಡುಗೆ ಬರುವುದಿಲ್ಲ ಎನ್ನಬಹುದು, ಆಗುವುದಿಲ್ಲ ಎನ್ನಬಹುದು, ಬೇಡ ಎನ್ನುವ ಮಾತು ಮಾತ್ರ ಇಲ್ಲ. ಇಲ್ಲದ ಮಾತನ್ನು ಎಲ್ಲಿಂದ ತರಲಿ. ಅವಳು ನನ್ನ ಭುಜ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳು. ನನ್ನ ಮೌನವನ್ನು ದುಃಖ ಎಂದು ತಿಳಿದಳು.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಮನೆಮಂದಿಯೆಲ್ಲ ಸೇರಿದರು. ಅತ್ತೆ ಸ್ಟೂಲಿನ ಮೇಲೆ, ಮಾವ ಬಾಗಿಲಲ್ಲಿ, ಸಮಿತ್ ಫ್ರಿಜ್ಜಿಗೆ ಒರಗಿ ಮೊಬೈಲು ನೋಡುತ್ತಾ. ಪ್ರಣೀತಾ ಒಂದೇ ಪ್ಯಾಕೆಟ್ಟಿನ ಹಾಲನ್ನು ಮೂರು ಬಟ್ಟಲಿಗೆ ಸುರಿದಳು. ಒಂದೇ ಅನಾನಸನ್ನು ಹೆಚ್ಚಿ ಅರ್ಧವನ್ನು ಕುದಿಸಿ ಆರಿಸಿದಳು. ನಾನು ಒಂದು ಬಟ್ಟಲಿಗೆ ಹಸಿಯದ್ದು, ಇನ್ನೊಂದಕ್ಕೆ ಕುದಿಸಿದ್ದು ಹಾಕಿ ಕಲಸಬೇಕು. ಮೂರನೆಯದಕ್ಕೆ ಅತ್ತೆ ತಮ್ಮ ಕೈಯಿಂದ ಹಸಿಯದ್ದು ಹಾಕಬೇಕು.

"ನನ್ನ ಪರೀಕ್ಷೆ ಯಾಕೆ?" ಎಂದರು ಅತ್ತೆ.

"ಅತ್ತೆ, ಪ್ಲೀಸ್. ನಿಮ್ಮ ಕೈಯಿಂದ ಆದ್ರೇನೇ ಎಲ್ಲರಿಗೂ ಗೊತ್ತಾಗೋದು."

ಅತ್ತೆ ದೇವರ ಕಡೆ ಒಮ್ಮೆ ನೋಡಿ ಕಲಸಿದರು. ನಾನು ಹಸಿ ಅನಾನಸಿನ ಬಟ್ಟಲು ಕಲಸಿ ಮುಗಿಸಿದೆ. ಚಮಚದಿಂದ ರಸ ತೊಟ್ಟಿಕ್ಕುತ್ತಿತ್ತು. ಅದೇ ಚಮಚವನ್ನು, ಅದರ ತುಂಬ ಹಸಿರಸ ಎತ್ತಿಕೊಂಡು, ಕುದಿಸಿದ ಬಟ್ಟಲಿಗೆ ಅದ್ದಿದೆ. ಮರೆತು ಅಲ್ಲ. ಎರಡೂ ಕಹಿಯಾಗಲಿ, ನನ್ನ ಕೈ ಕೆಟ್ಟದ್ದೇ ಇರಲಿ, ನನ್ನ ಬಸ್ಸು ನನಗಿರಲಿ ಎಂದು ಬೇಕೆಂದೇ ಅದ್ದಿದೆ.

"ಅಯ್ಯೋ ಅಕ್ಕ, ಆ ಚಮಚ ಬೇಡ," ಎಂದು ಪ್ರಣೀತಾ ನನ್ನ ಕೈ ಹಿಡಿದಳು. "ಸ್ವಲ್ಪ ಹಸಿರಸ ಬಿದ್ದರೂ ರಿಸಲ್ಟ್ ಹಾಳಾಗುತ್ತೆ. ನಮ್ಮ ಲ್ಯಾಬಲ್ಲೂ ಹುಡುಗರು ಹೀಗೇ ಮಾಡ್ತಾರೆ." ನಗುತ್ತಲೇ ಆ ಬಟ್ಟಲನ್ನು ಚೆಲ್ಲಿದಳು, ಹೊಸ ಹಾಲು ಹಾಕಿದಳು, ಹೊಸ ಚಮಚ ಕೊಟ್ಟಳು. ಇನ್ನು ನಾನು ಏನು ಮಾಡಲಿ. ಕಲಸಿದೆ.

ಊಟ ಮುಗಿಸಿ ಎಲ್ಲರೂ ರುಚಿ ನೋಡಿದರು. ನಾನು ಕಲಸಿದ ಹಸಿಯ ಬಟ್ಟಲು ಕಹಿ. ನಾನೇ ಕಲಸಿದ ಕುದಿಸಿದ ಬಟ್ಟಲು ಸಿಹಿ. ಅತ್ತೆ ತಮ್ಮ ಬಟ್ಟಲಿನದನ್ನು ಬಾಯಿಗಿಟ್ಟು, ನುಂಗಲೂ ಆಗದೆ ಉಗಿಯಲೂ ಆಗದೆ ಕುಳಿತರು. ಅತ್ತೆಯದ್ದೂ ಅಷ್ಟೇ ಕಹಿ.

ಆಮೇಲೆ ಅತ್ತೆ ಸ್ಟೂಲಿನಿಂದ ಕಷ್ಟಪಟ್ಟು ಎದ್ದು ನನ್ನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

"ತಪ್ಪಾಯಿತು ಮಗಾ. ನಾನು ಎಂತ ಪಾಪ ಮಾಡಿಬಿಟ್ಟೆ. ನಿನ್ನ ಕೈಯಲ್ಲಿ ಏನೂ ದೋಷ ಇಲ್ಲ."

ನಾನು ಅತ್ತುಬಿಟ್ಟೆ. ಅಳಬಾರದೆಂದು ಹಲ್ಲು ಕಚ್ಚಿದ್ದೆ, ಆಗಲಿಲ್ಲ. ಜಯಶೀಲರ ಬಾಯಿಗೆ ಕಡೆಯ ಗಂಜಿ ಹಾಕಿದ್ದು ಇದೇ ಕೈ. ಆ ಗಂಜಿಯನ್ನು ಬೇರೆ ಯಾರಾದರೂ ಕುಡಿಸಿದ್ದರೆ ಉಳಿಯುತ್ತಿದ್ದರೇನೋ ಎಂಬ ಮುಳ್ಳು ನನ್ನೊಳಗೆ ಇತ್ತು. ಬಸ್ಸಿನಲ್ಲಿ ಕುಳಿತಾಗ, ಕಾಟಾದಲ್ಲಿ ಲಾರಿ ಇಲ್ಲದಾಗ ಅದು ಚುಚ್ಚುತ್ತಿತ್ತು. ಆ ಮುಳ್ಳು ಅಂದು ಹೋಯಿತು. ಇದನ್ನು ಪ್ರಣೀತಾಳೇ ತೆಗೆದಳು, ಇಲ್ಲ ಎನ್ನುವುದಿಲ್ಲ. ಒಂದು ಗಳಿಗೆ ನನಗೆ ನಿಜಕ್ಕೂ ಸಂತೋಷವಾಯಿತು.

ಆ ಗಳಿಗೆ ಮುಗಿಯುವ ಮೊದಲೇ ಅತ್ತೆ ಕಣ್ಣೊರೆಸಿಕೊಂಡರು.

"ಇನ್ನು ಆ ಕಬ್ಬಿಣದ ಧೂಳು ತಿನ್ನುವ ಗ್ರಹಚಾರ ನಿನಗೆ ಬೇಡ. ಮಾಜಿವಾಡಾದಲ್ಲಿ ನಾಮಕರಣದ ದೊಡ್ಡ ಆರ್ಡರ್ ಉಂಟು. ಮೊದಲಿನ ಹಾಗೆ ನೀನು ನಿಂತರೆ ನನಗೆ ಧೈರ್ಯ."

"ಒಲೆಯ ಹತ್ತಿರ ನಾನು ಬರಬಾರದಲ್ಲ ಅತ್ತೆ?"

"ಅದೆಲ್ಲ ಹಳೇ ಕಾಲದ್ದು. ಈಗ ಯಾರು ನೋಡ್ತಾರೆ? ಮೂಢನಂಬಿಕೆ ಅಂತ ಪ್ರಣೀತಾಳೇ ತೋರಿಸಿ ಕೊಟ್ಟಳಲ್ಲ."

ಇಷ್ಟು ವರ್ಷ ಅಲುಗಾಡದೆ ಇದ್ದ ಶಾಸ್ತ್ರ ಒಂದು ಬಟ್ಟಲು ಹಾಲಿನಲ್ಲಿ ಕರಗಿಹೋಯಿತು. ಅತ್ತೆಗೆ ಬೇಡವಾದಾಗ ಬಿದ್ದುಹೋಗುವಷ್ಟು ಸಡಿಲವಾಗಿದ್ದರೆ, ಅದನ್ನು ನನ್ನ ಕುತ್ತಿಗೆಗೆ ಯಾಕೆ ಅಷ್ಟು ಬಿಗಿಯಾಗಿ ಕಟ್ಟಿದ್ದರು. ಕೇಳಲಿಲ್ಲ. ಬೇರೆಯೊಂದು ಮಾತು ಹೇಳಿದೆ. ಜೀವನದಲ್ಲಿ ಮೊದಲ ಸಲ ಹೇಳಿದೆ.

"ನನಗೆ ಕಾಟಾದ ಕೆಲಸ ಇಷ್ಟ ಉಂಟು. ನಾನು ಅದನ್ನು ಬಿಡುವುದಿಲ್ಲ."

ಮಾವ ನಕ್ಕರು. "ಲಾರಿ ತೂಗುವುದರಲ್ಲಿ ಎಂತ ಇಷ್ಟ ಮಾರಾಯ್ತಿ?"

"ಭಾಭಿ, ಛೋಡೋ ನಾ," ಎಂದ ಸಮಿತ್, ಮೊಬೈಲಿನಿಂದ ತಲೆಯೆತ್ತದೆ. "ಘರ್ ಮೇ ಕ್ಯಾ ಕಮೀ ಹೈ?" ಬಿಟ್ಟುಬಿಡಿ, ಮನೆಯಲ್ಲಿ ಏನು ಕೊರತೆ ಎಂದು ಅವನ ಪ್ರಶ್ನೆ.

ಪ್ರಣೀತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ಅವಳಿಗೆ ಅರ್ಥವಾಯಿತು ಎಂದು ನನಗೆ ತಿಳಿಯಿತು. ಚಮಚದ ವಿಷಯವೂ ಅರ್ಥವಾಯಿತು.

"ಅತ್ತೆ, ಅಕ್ಕನಿಗೆ ಕೆಲಸಕ್ಕೆ ಹೋಗೋ ಮನಸ್ಸಿದ್ರೆ..."

"ಹೋಗಲಿ ಹಾಗಾದರೆ," ಎಂದರು ಅತ್ತೆ, ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವವರ ಹಾಗೆ. "ನೀನು ಕಾಲೇಜು ಬಿಡು. ನನ್ನ ಮೊಣಕಾಲು ನೋಡಿದ್ದೀಯಲ್ಲ. ಇರುವುದು ಇಬ್ಬರು ಸೊಸೆಯಂದಿರು. ಯಾರನ್ನು ಕರೆಯಲಿ, ನೀನೇ ಹೇಳು."

ಪ್ರಣೀತಾ ಬಾಯಿ ತೆರೆದಳು. ನಾನು ಕಾದೆ. ಅಷ್ಟು ಓದಿದ ಹುಡುಗಿ, ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಬಾಯಿ ಮುಚ್ಚಿಕೊಂಡು, ಮೂರೂ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ಸಿಂಕಿನ ಕಡೆ ತಿರುಗಿದಳು. ನಲ್ಲಿಯ ನೀರು ಬಹಳ ಹೊತ್ತು ಹರಿಯುತ್ತಿತ್ತು.

ಇದನ್ನೆಲ್ಲ ಮೊದಲೇ ಯೋಚಿಸಿ ಮಾಡಿದಳೇ? ಇಲ್ಲ, ಅಷ್ಟು ಕೆಟ್ಟವಳಲ್ಲ. ಆದರೆ ನನ್ನ ಕೈ ಶುದ್ಧವಾದದ್ದರಿಂದ ಬೆಳ್ಳಂಬೆಳಿಗ್ಗೆ ಒಲೆಯ ಮುಂದೆ ನಿಲ್ಲುವ ಕಷ್ಟ ಅವಳಿಗೆ ತಪ್ಪಿತು. ಕಾಲೇಜಿಗೆ ಇನ್ನು ಹೊತ್ತಿಗೆ ಸರಿಯಾಗಿ ಹೋಗಬಹುದು. ಯೋಚಿಸದೆ ಮಾಡಿದ ಒಳ್ಳೆಯದು ಮಾಡಿದವರಿಗೇ ಬಂದು ಸೇರುವುದನ್ನು ನಾನು ಅಲ್ಲಿ ನಿಂತು ನೋಡಿದೆ.

ಕಾಟಾದ ಕಡೆಯ ದಿನ ಮಹಾದೇವಪ್ಪ ಮೆಟ್ಟಿಲ ಮೇಲೆ ಕುಳಿತು ತಲೆ ಕೆರೆದುಕೊಂಡ.

"ಯಾಕ ಬಿಡಾಕತ್ತೀರಿ ಅಕ್ಕಾರ? ಯಾರರ ಏನರ ಅಂದ್ರೇನು?"

"ಇಲ್ಲ. ನನ್ನ ಕೈ ಒಳ್ಳೆಯದು ಅಂತ ಗೊತ್ತಾಯಿತು."

"ಕೈ ಚಲೋ ಅದ ಅಂದ್ರ ಕೆಲಸ ಬಿಡಸ್ತಾರೇನ್ರಿ? ಇದ್ಯಾವ ನ್ಯಾಯ?"

ಕಡೆಯ ಲಾರಿಗೆ ಗುಂಡಿ ಒತ್ತಿ, ಚೀಟಿ ಹರಿದು, ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿದೆ. ಮುಂದಿನ ವಾರದಿಂದ ಅಲ್ಲಿ ಕೂರುವವರು ಯಾರೋ ಆಗಲೇ ಬಂದು ಮಾತಾಡಿಕೊಂಡು ಹೋಗಿದ್ದರಂತೆ. ಆದರೆ ವಸಂತಕುಮಾರ್ ಒಂದು ಮಾತು ಹೇಳಿದ್ದರು: ಮನಸ್ಸು ಬದಲಾದರೆ ಈ ವಾರದೊಳಗೆ ಫೋನ್ ಮಾಡಿ, ನಿಮ್ಮಷ್ಟು ಚೊಕ್ಕ ಕೆಲಸ ಮಾಡುವವರು ಸಿಗುವುದಿಲ್ಲ. ಆ ಮಾತನ್ನು ನಾನು ಮನೆಯವರಿಗೆ ಹೇಳಲಿಲ್ಲ.

ಮಾಜಿವಾಡಾದ ನಾಮಕರಣ ಆ ವಾರದಲ್ಲೇ ಇತ್ತು. ಅವರು ಬೇರೆ ಯಾವುದನ್ನೂ ಅಲ್ಲ, ಫ್ರೂಟ್ ಸಲಾಡನ್ನೇ ಕೇಳಿದ್ದರು. ಬೆಳಕು ಹರಿಯುವ ಹೊತ್ತಿಗೆ ನಾನು ಒಲೆಯ ಮುಂದೆ ನಿಂತಿದ್ದೆ. ಅದೇ ಬಾಣಲೆ, ಅದೇ ಹಬೆ. ಅನಾನಸು ಹೆಚ್ಚಿ ಅತ್ತೆಯ ಎದುರಿಗೇ ಕುದಿಸಿದೆ. ಅವರು ನೋಡಿ ತೃಪ್ತಿಯಾಗಿ, ಕಾಲು ಚಾಚಲು ಹೊರಗಿನ ಕೋಣೆಗೆ ಹೋದರು. ಆಮೇಲೆ ನಾನು ಉಳಿಸಿಟ್ಟಿದ್ದ ಹಸಿ ಹಣ್ಣನ್ನು ತುರಿದು, ಹಿಂಡಿ, ಒಂದು ಲೋಟ ರಸ ತೆಗೆದೆ. ಕಸ್ಟರ್ಡ್ ಆರಿ ತಯಾರಾಗಿತ್ತು. ಲೋಟವನ್ನು ಅದರ ಪಕ್ಕದಲ್ಲಿಟ್ಟೆ.

ಲೆಕ್ಕ ಸರಳವಾಗಿತ್ತು. ಕುದಿಸಿದ್ದನ್ನು ಅತ್ತೆ ಕಣ್ಣಾರೆ ನೋಡಿದ್ದಾರೆ. ಕುದಿಸಿದ ಮೇಲೂ ಕಹಿಯಾದರೆ ಅದು ಹಣ್ಣಿನದ್ದಲ್ಲ, ಕೈಯದ್ದೇ. ವಿಜ್ಞಾನ ಸೋತಿತು, ಪದ್ಮಾವತಿಯ ಕೈಯೇ ನಿಜ ಎನ್ನುತ್ತಾರೆ. ನಾನು ವಸಂತಕುಮಾರ್ ಅವರಿಗೆ ಫೋನ್ ಮಾಡುತ್ತೇನೆ. ಮೊದಲು ನನ್ನ ಕೈ ಏನೂ ಮಾಡಿರಲಿಲ್ಲ, ಕೆಟ್ಟದ್ದು ಎಂದರು. ಈಗ ಅವರ ಮಾತನ್ನು ನಿಜ ಮಾಡಿ ಕೊಟ್ಟರಾಯಿತು.

ಬ್ಯಾಗು ಹೆಗಲಿಗೆ ಹಾಕಿಕೊಂಡು ಪ್ರಣೀತಾ ಬಾಗಿಲಲ್ಲಿ ಬಂದು ನಿಂತಳು. ಭಾನುವಾರದ ನಂತರ ನಾವು ಸರಿಯಾಗಿ ಮಾತಾಡಿರಲಿಲ್ಲ. ಅವಳು ಕಸ್ಟರ್ಡ್ ನೋಡಿದಳು, ಲೋಟ ನೋಡಿದಳು.

"ಇದು ಕುದಿಸಿದ್ದಾ ಅಕ್ಕ?"

"ಅಲ್ಲ."

ಅವಳು ಹಾಕಬೇಡಿ ಎನ್ನಲಿಲ್ಲ. ಅತ್ತೆಯನ್ನು ಕೂಗಲೂ ಇಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು.

"ನಾನು ಆವತ್ತು ಮಾತಾಡಬೇಕಿತ್ತು," ಎಂದಳು. "ಹೆದರಿದೆ. ಈ ತಿಂಗಳು ನನ್ನನ್ನ ಪರ್ಮನೆಂಟ್ ಮಾಡೋದಿದೆ ಅಕ್ಕ."

ಅಷ್ಟೇ ಹೇಳಿ ಹೋದಳು. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಅವಳು ಖಾರಘರಕ್ಕೆ ಹೋಗಿ, ಹಲಗೆಯ ಮೇಲೆ ಆ ಮಡಿಕೆಯ ಚಿತ್ರ ಬರೆದು, ಆಕಾರ ಉಳಿದರೆ ಕೆಲಸ, ಆಕಾರ ಹೋದರೆ ಇಲ್ಲ ಎಂದು ಪಾಠ ಮಾಡುತ್ತಾಳೆ. ಕಸ್ಟರ್ಡ್ ಕಹಿಯಾದರೆ ಅವಳು ಇನ್ನು ಹೆಚ್ಚು ದಿನ ಆ ಪಾಠ ಮಾಡುವುದಿಲ್ಲ, ಇಲ್ಲಿ ಬಂದು ನಿಲ್ಲುತ್ತಾಳೆ. ಈ ಒಲೆಗೆ ಒಬ್ಬಳು ಸೊಸೆ ಬೇಕು. ಯಾವಳಾದರೂ ಆದೀತು.

ನಾನು ಲೋಟ ಎತ್ತಿದೆ. ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ ತಿಳಿಯದು. ಅವಳ ಮೇಲಿನ ಪ್ರೀತಿಯಿಂದ ಕೈ ತಡೆಯಿತು ಎಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ನನಗೆ ಅವಳ ಮೇಲೆ ಅಷ್ಟೇ ಸಿಟ್ಟೂ ಇತ್ತು. ಕಷಾಯದ ಲೋಟ ಹಿಡಿದು ನನ್ನ ಬಾಗಿಲಿಗೆ ಬರುತ್ತಿದ್ದವಳನ್ನು ಈ ಹಬೆಯಲ್ಲಿ ದಿನವೂ ನೋಡಬೇಕಾಗುತ್ತದೆ, ನೋಡುತ್ತಾ ಬಸ್ಸು ಹತ್ತಬೇಕಾಗುತ್ತದೆ. ಅದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಆ ರಸವನ್ನು ನಾನೇ ಕುಡಿದೆ. ಒಂದೇ ಗುಟುಕಿಗೆ, ಪೂರ್ತಿ. ಹಾಲನ್ನು ಕತ್ತರಿಸಬೇಕಾದದ್ದು ನನ್ನ ನಾಲಿಗೆಯನ್ನು ಕತ್ತರಿಸತೊಡಗಿತು. ಬಾಯೆಲ್ಲ ಉರಿಯಿತು. ಆಮೇಲೆ ಕುದಿಸಿದ ಹೋಳುಗಳನ್ನು ಕಸ್ಟರ್ಡಿಗೆ ಸುರಿದು ಕಲಸಿದೆ.

ಮಾಜಿವಾಡಾದ ಸಭಾಂಗಣದಲ್ಲಿ ಮಧ್ಯಾಹ್ನ ಪಂಕ್ತಿ ಕುಳಿತಿತು. ಫ್ರೂಟ್ ಸಲಾಡನ್ನು ಜನ ಎರಡೆರಡು ಸಲ ಹಾಕಿಸಿಕೊಂಡರು. ಮಗುವಿನ ಅಜ್ಜಿ ಅತ್ತೆಯನ್ನು ಹುಡುಕಿಕೊಂಡು ಬಂದು, ಇಷ್ಟು ಚೆನ್ನಾಗಿ ಯಾರು ಮಾಡಿದ್ದು ಎಂದು ಕೇಳಿದರು. ಅತ್ತೆ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದರು. ಅವರ ಮುಖದಲ್ಲಿ ನಾನು ಎಂದೂ ಕಾಣದ ಹೆಮ್ಮೆ ಇತ್ತು.

"ನಮ್ಮ ದೊಡ್ಡ ಸೊಸೆ, ಪದ್ಮಾವತಿ. ಎಂತ ಮುಟ್ಟಿದರೂ ರುಚಿ. ಅದು ಕಲಿತು ಬರುವುದಲ್ಲ ಅಮ್ಮಾ, ಇವಳ ಕೈಗುಣ."

ಅಜ್ಜಿ ನನ್ನ ಬಾಯಿಗೆ ಒಂದು ಚಮಚ ಫ್ರೂಟ್ ಸಲಾಡ್ ಇಟ್ಟರು, ನೀನೂ ತಿನ್ನಮ್ಮ ಎಂದು. ನನ್ನ ನಾಲಿಗೆ ಸುಲಿದುಹೋಗಿತ್ತು. ಅದು ಸಿಹಿಯಾಗಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.